ಹರಳೆಣ್ಣೆ ಫೋಮಿಗೆ ಪೇಟೆಂಟ್ ಸಿಗಲಿಲ್ಲ, ಮೇಲ್ಮನವಿ ಹಾಕಲೇ?

ಪ್ರಶ್ನೆ: ತುಮಕೂರಿನಲ್ಲಿ ನಮ್ಮದೊಂದು ಸಣ್ಣ ಫೋಮ್ ಘಟಕವಿದೆ. ಹರಳೆಣ್ಣೆ ಹಾಕಿ ಮೆತ್ತನೆಯ ಪಾಲಿಯುರೆಥೇನ್ ಫೋಮ್ ಮಾಡುವ ವಿಧಾನಕ್ಕೆ ಪೇಟೆಂಟ್ ಕೇಳಿದ್ದೆವು. ‘ಬರೀ ಮಿಶ್ರಣ, ಹೊಸ ಆವಿಷ್ಕಾರವೇನೂ ಇಲ್ಲ’ ಎಂದು ಅರ್ಜಿ ತಿರಸ್ಕಾರವಾಗಿದೆ. ಮೇಲ್ಮನವಿ ಹಾಕಿದರೆ ಗೆಲ್ಲುತ್ತೇವೆಯೇ?

ಉತ್ತರ: ಮೊದಲು ಆದೇಶದ ತಾರೀಖು ನೋಡಿ. ಮೇಲ್ಮನವಿಗೆ ಇರುವುದು 3 ತಿಂಗಳು. 2021ರಲ್ಲಿ ಮೇಲ್ಮನವಿ ಮಂಡಳಿ ರದ್ದಾದ ಮೇಲೆ ಇವು ಹೈಕೋರ್ಟ್‌ಗೇ ಹೋಗುತ್ತವೆ. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುವುದರಿಂದ ನೀವು ಮದ್ರಾಸ್ ಹೈಕೋರ್ಟ್‌ಗೆ ಹೋಗಬೇಕು, ಬೆಂಗಳೂರಿನದ್ದಕ್ಕಲ್ಲ.

‘ಬರೀ ಮಿಶ್ರಣ’ ಅನ್ನುವುದು ಕಾಯ್ದೆಯ ಸೆಕ್ಷನ್ 3(ಇ) ಆಕ್ಷೇಪ. ಅದಕ್ಕೆ ಉತ್ತರ ಕೊಡುವುದು ಅಷ್ಟು ಕಷ್ಟವಲ್ಲ. ಹರಳೆಣ್ಣೆಯ ಹೈಡ್ರಾಕ್ಸಿಲ್ ಗುಂಪು (ಆಮ್ಲಜನಕ-ಜಲಜನಕದ ಜೋಡಿ) ಫೋಮಿನ ಇನ್ನೊಂದು ಮುಖ್ಯ ರಾಸಾಯನಿಕವಾದ ಐಸೊಸಯನೇಟ್ ಜೊತೆ ಸೇರಿ ಯುರೆಥೇನ್ ಬಂಧವಾಗುತ್ತದೆ. ಐಸೊಸಯನೇಟ್ ನೀರಿನೊಂದಿಗೂ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಫೋಮ್ ಉಬ್ಬುವುದು ಅದರಿಂದಲೇ. ಇಡ್ಲಿ ಹಿಟ್ಟು ಉಬ್ಬುವಾಗ ಏಳುವುದೂ ಇದೇ ಅನಿಲ, ಅಲ್ವಾ? ಅದನ್ನು ಯಾರೂ ಅಕ್ಕಿ-ಉದ್ದಿನ ಬರೀ ಮಿಶ್ರಣ ಅನ್ನುವುದಿಲ್ಲ.

ಆದರೆ ‘ಹೊಸ ಆವಿಷ್ಕಾರವೇನೂ ಇಲ್ಲ’ ಎಂಬ ಎರಡನೇ ಆಕ್ಷೇಪಕ್ಕೂ ಇದೇ ವಾದ ಹಿಡಿದರೆ ಸೋಲುತ್ತೀರಿ. ಜರ್ಮನಿಯ ಒಟ್ಟೊ ಬಾಯರ್ ಪಾಲಿಯುರೆಥೇನ್ ಮಾಡಿದ್ದು 1937ರಲ್ಲಿ. ಹರಳೆಣ್ಣೆಯೂ ಈ ಉದ್ಯಮದ ಹಳೇ ನೆಂಟ. ‘ಹರಳೆಣ್ಣೆ ಹಾಕಿದ್ದೇ ಹೊಸತು’ ಅಂದರೆ ನಡೆಯುವುದಿಲ್ಲ. ನಿಮ್ಮ ಬಲ ಬೇರೆ ಕಡೆ ಇದೆ. ಹರಳೆಣ್ಣೆಯ ಹೈಡ್ರಾಕ್ಸಿಲ್ ‘ಸೆಕೆಂಡರಿ’ ಜಾತಿಯದು, ನಿಧಾನವಾಗಿ ವರ್ತಿಸುತ್ತದೆ. ಜಾಸ್ತಿ ಹಾಕಿದರೆ ಫೋಮ್ ಗಟ್ಟಿಯಾಗುವ ಮೊದಲೇ ಕುಸಿದೀತು ಎಂದೇ ಈ ಕೆಲಸ ಬಲ್ಲವರು ಎಣಿಸುತ್ತಾರೆ. ನೀವು ಅದನ್ನು ಕುಸಿಯದಂತೆ ನಿಲ್ಲಿಸಿದ್ದೀರಿ. ಹೇಗೆ? ವೇಗವರ್ಧಕ ಬದಲಿಸಿದಿರೋ, ಬೆರೆಸುವ ಕ್ರಮವೋ? ಮೇಲ್ಮನವಿ ಅದರ ಮೇಲೇ ನಿಲ್ಲಬೇಕು.

ಅದಕ್ಕೆ ಹೋಲಿಕೆ ಪ್ರಯೋಗ ಬೇಕು. ಐಸೊಸಯನೇಟ್ ಸೂಚ್ಯಂಕ (ಅದನ್ನು ಬೇಕಾದದ್ದಕ್ಕೆ ಹೋಲಿಸಿ ಎಷ್ಟು ಹಾಕಿದ್ದೀರಿ ಎಂಬ ಅಳತೆ), ನೀರಿನ ಪ್ರಮಾಣ ಎಲ್ಲ ಒಂದೇ ಇರಲಿ, ನೀವು ಬದಲಿಸಿದ ಆ ಒಂದು ಅಂಶ ಮಾತ್ರ ಬೇರೆ ಇರಲಿ. ವೇಗವರ್ಧಕ, ಬೆರೆಸುವ ಕ್ರಮ ಎರಡನ್ನೂ ಒಟ್ಟಿಗೇ ಬದಲಿಸಿ ‘ನಮ್ಮದು ಚೆನ್ನಾಗಿದೆ’ ಅಂದರೆ ಯಾವುದರಿಂದ ಚೆನ್ನಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ.

ನೀವು ಕಳಿಸಿದ ಪ್ರತಿಯಲ್ಲಿ ಇನ್ನೊಂದು ತೊಡಕಿದೆ. ಹಕ್ಕು ಕೇಳಿರುವುದು ಪಾಲಿಯಾಲ್‌ನಲ್ಲಿ (ಐಸೊಸಯನೇಟ್ ಜೊತೆ ಸೇರುವ ಹೈಡ್ರಾಕ್ಸಿಲ್ ಇರುವ ಭಾಗದಲ್ಲಿ) ಶೇ 10ರಿಂದ 60ರಷ್ಟು ಹರಳೆಣ್ಣೆಗೆ, ಉದಾಹರಣೆಗಳಿರುವುದು ಶೇ 20 ಮತ್ತು 30ಕ್ಕೆ ಮಾತ್ರ. ಉಳಿದದ್ದನ್ನು ಸುಮ್ನೆ ಹಿಡಿದುಕೊಂಡು ಕೂರಬೇಡಿ. ಸೆಕ್ಷನ್ 59 ಹಕ್ಕನ್ನು ಕಿರಿದಾಗಿಸಲು ಬಿಡುತ್ತದೆ, ಹೊಸದನ್ನು ತುರುಕಲು ಬಿಡುವುದಿಲ್ಲ. 20ರಿಂದ 30ಕ್ಕೆ ಇಳಿಸುವ ಬಗ್ಗೆ ನಿಮ್ಮ ಪೇಟೆಂಟ್ ಏಜೆಂಟರನ್ನು ಈ ವಾರವೇ ಕೇಳಿ.