ಓದುಗರ ಪ್ರಶ್ನೆ: ಗೆರಿಯ ಎದುರು ಕುಳಿತವನು ಯಾರು?

ಪ್ರಶ್ನೆ: ಮಕ್ಕಳೊಂದಿಗೆ ‘ಗೆರೀಸ್ ಗೇಮ್’ ಎಂಬ ಅನಿಮೇಷನ್ ಕಿರುಚಿತ್ರ ನೋಡಿದೆ. ಉದ್ಯಾನದಲ್ಲಿ ಮುದುಕನೊಬ್ಬ ತನ್ನೊಡನೆ ತಾನೇ ಚದುರಂಗವಾಡುತ್ತಾನೆ. ಆದರೆ ನಡುವೆ ಎದುರು ಕುರ್ಚಿಯಲ್ಲಿ ಇನ್ನೊಬ್ಬ ಕುಳಿತಂತೆಯೇ ಕಾಣುತ್ತದೆ. ಅದು ದೆವ್ವವೋ, ಭ್ರಮೆಯೋ ಎಂದು ಮನೆಯಲ್ಲಿ ವಾದ ನಡೆದಿದೆ. ತಾವೇನು ಹೇಳುತ್ತೀರಿ?
(ಶಿವಮೊಗ್ಗದ ಓದುಗರು)

ಉತ್ತರ: ದೆವ್ವವೆಂದವರನ್ನು ತೀರ ಹಳಿಯುವಂತಿಲ್ಲ, ಆದರೆ ಆ ದೆವ್ವವನ್ನು ಕುರ್ಚಿಯಲ್ಲಿ ಕೂರಿಸಿದ್ದು ಸಂಕಲನದ ಕತ್ತರಿ. ಯಾನ್ ಪಿಂಕಾವಾ ನಿರ್ದೇಶನದಲ್ಲಿ ಪಿಕ್ಸಾರ್ ಸಂಸ್ಥೆ 1997ರಲ್ಲಿ ತಯಾರಿಸಿದ, ಸುಮಾರು ಐದು ನಿಮಿಷಗಳ ಈ ಚಿತ್ರದ ಆರಂಭದಲ್ಲಿ ಗೆರಿ ಒಂದು ಕಾಯಿ ನಡೆಸಿ, ಎದ್ದು, ಕಾಲೆಳೆಯುತ್ತ ಆಚೆ ಬದಿಗೆ ಹೋಗಿ ಕೂರುವುದನ್ನು ನಮಗೆ ತಾಳ್ಮೆಯಿಂದ ತೋರಿಸಲಾಗುತ್ತದೆ. ಕನ್ನಡಕ ಹಾಕಿದರೆ ಒಬ್ಬ, ತೆಗೆದರೆ ಇನ್ನೊಬ್ಬ. ಆಟಕ್ಕೆ ಕಾವೇರಿದಂತೆ ಆ ನಡಿಗೆ ಮೊಟಕಾಗುತ್ತ ಬಂದು ಪೂರ್ತಿ ಮಾಯವಾಗಿ, ಕಾಯಿ ಹೊಡೆಯುವ ಕೈ ಮತ್ತು ಅದನ್ನು ಕಂಡು ಬೆಚ್ಚುವ ಮುಖ ಇವೆರಡೇ ಉಳಿಯುತ್ತವೆ. ನಡುವಿನ ನಡಿಗೆಯನ್ನು ಕೇಳುವುದನ್ನೇ ನಾವು ಮರೆತಿರುತ್ತೇವೆ.

ಸೋಲುತ್ತಿರುವ ಗೆರಿ ಎದೆ ಹಿಡಿದುಕೊಂಡು ಕುಸಿಯುವ ನಾಟಕವಾಡಿದಾಗ, ಎದುರಾಳಿ ಗಾಬರಿಯಿಂದ ಹಿಡಿದು ನೋಡುವುದು ತನ್ನದೇ ನಾಡಿಯನ್ನು! ನಿಮ್ಮ ಮನೆಯ ವಾದಕ್ಕೆ ಈ ಒಂದು ಸನ್ನೆ ಸಾಕು. ಅಷ್ಟರಲ್ಲಿ ಇವನು ಮಣೆಯನ್ನು ತಿರುಗಿಸಿ, ಪಣವಾಗಿದ್ದ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಗೆದ್ದುಬಿಡುತ್ತಾನೆ.

ಪ್ರಶ್ನೆ: ಇದಕ್ಕೆ ಆಸ್ಕರ್ ಬಂದದ್ದು ಹಾಸ್ಯಕ್ಕೋ, ಕಂಪ್ಯೂಟರ್ ತಂತ್ರಕ್ಕೋ?
(ಮೈಸೂರಿನ ವಿದ್ಯಾರ್ಥಿನಿ)

ಉತ್ತರ: ಪ್ರಶಸ್ತಿ ಸಂದದ್ದು ಅತ್ಯುತ್ತಮ ಅನಿಮೇಷನ್ ಕಿರುಚಿತ್ರವೆಂದು. ಆದರೆ ಚಿತ್ರವನ್ನು ಕೈಗೆತ್ತಿಕೊಂಡದ್ದರ ಹಿಂದೆ ಮನುಷ್ಯನ ಚರ್ಮ ಮತ್ತು ಬಟ್ಟೆಯನ್ನು ಪಳಗಿಸುವ ಉದ್ದೇಶವೂ ಇತ್ತು. ಅಲ್ಲಿಯವರೆಗೆ ಪಾತ್ರಗಳ ಮೈಯನ್ನು ದರ್ಜಿ ಅಂಗಿಯ ತುಂಡುಗಳನ್ನು ಜೋಡಿಸುವಂತೆ ಹಲವು ಪಟ್ಟಿಗಳಿಂದ ಜೋಡಿಸುತ್ತಿದ್ದರು. ಪಾತ್ರ ಅಲುಗಾಡಿದಾಗ ಜೋಡಣೆಯ ಗೆರೆ ಬಿರುಕುಬಿಡದಂತೆ ನೋಡಿಕೊಳ್ಳುವುದೇ ದೊಡ್ಡ ತಲೆನೋವಾಗಿತ್ತು. ಗೆರಿಗಾಗಿ ಬಳಸಿದ್ದು ಎಡ್ವಿನ್ ಕ್ಯಾಟ್ಮಲ್ ಮತ್ತು ಜಿಮ್ ಕ್ಲಾರ್ಕ್ 1978ರಲ್ಲೇ ಪ್ರಕಟಿಸಿದ್ದ ವಿಧಾನವನ್ನು. ಮೊದಲು ಒರಟಾದ, ಮೂಲೆಮೂಲೆಯಾದ ಬಲೆಯೊಂದನ್ನು ಕಟ್ಟಿ, ಅದರ ಪ್ರತಿ ಚೌಕವನ್ನು ನಾಲ್ಕಾಗಿ ಸೀಳಿ, ಬಿಂದುಗಳನ್ನು ಅಕ್ಕಪಕ್ಕದವುಗಳ ಸರಾಸರಿಯತ್ತ ಸರಿಸುತ್ತಾರೆ. ಇದನ್ನೇ ಮತ್ತೆ ಮತ್ತೆ ಮಾಡಿದರೆ ಮೇಲ್ಮೈ ನಯವಾಗುತ್ತದೆ, ಜೋಡಣೆಯ ಗೆರೆಯೂ ಇರುವುದಿಲ್ಲ. ಗೆರಿಯ ತಲೆ, ಕೈ, ಕೋಟು, ಟೈ, ಬೂಟು ಎಲ್ಲವೂ ಹೀಗೆಯೇ ಆದವು. ಮುಂದಿನ ಸಲ ನೋಡುವಾಗ ಕಥೆಯನ್ನು ಬಿಟ್ಟು, ಅವನು ಬಾಗಿದಾಗ ಕೋಟಿನ ತೋಳು ಸುಕ್ಕುಗಟ್ಟುವುದನ್ನು ಮಾತ್ರ ಗಮನಿಸಿ. ನಗೆಯಷ್ಟೇ ಆ ಸುಕ್ಕೂ ನನಗೆ ಇಷ್ಟ.

ಪ್ರಶ್ನೆ: ಈ ಮುದುಕನನ್ನು ಬೇರೆಲ್ಲೋ ಕಂಡ ನೆನಪು. ಸರಿಯೇ?
(ಹುಬ್ಬಳ್ಳಿಯ ಓದುಗರು)

ಉತ್ತರ: ಸರಿ. 1999ರ ‘ಟಾಯ್ ಸ್ಟೋರಿ 2’ರಲ್ಲಿ ಬೊಂಬೆ ವುಡಿಯ ಹರಿದ ತೋಳನ್ನು ಹೊಲಿದು, ಬಣ್ಣ ಹಚ್ಚಿ ಸರಿಪಡಿಸುವವನು ಇವನೇ. ಅವನ ಸಲಕರಣೆ ಪೆಟ್ಟಿಗೆಯ ಒಂದು ಖಾನೆಯಲ್ಲಿ ಚದುರಂಗದ ಕಾಯಿಗಳಿವೆ.