ಐದು ಸಲ ಕೆಂಪು ಬಂದ ಮೇಲೆ ಕಪ್ಪೇ ಬರಬೇಕಲ್ವಾ?

ಪ್ರಶ್ನೆ: ಮೇಷ್ಟ್ರೇ, ನನ್ನ ಬಾಮೈದ ಪಣಜಿಯ ಕ್ಯಾಸಿನೊ ಹಡಗಿಗೆ ಹೋಗಿಬಂದಿದ್ದಾನೆ. ರೂಲೆಟ್‌ನಲ್ಲಿ ಐದು ಸಲ ಕೆಂಪು ಬಂದರೆ ಆಮೇಲೆ ಕಪ್ಪಿಗೆ ಕಟ್ಟು, ಸೋತರೆ ಡಬಲ್ ಮಾಡ್ತಾ ಹೋಗು, ದುಡ್ಡು ಗ್ಯಾರಂಟಿ ಅಂತಾನೆ. ನಿಜವೇ?
– ಓದುಗರೊಬ್ಬರು, ಮದ್ದೂರು

ಉತ್ತರ: ಅವನು ವಾಪಸ್ ಬರುವಾಗ ಎಷ್ಟು ತಂದ ಅಂತ ಕೇಳಿದಿರಾ? ಇರಲಿ.

ರೂಲೆಟ್ ಅಂದರೆ ತಿರುಗುವ ಚಕ್ರದಲ್ಲಿ ಚೆಂಡು ಯಾವ ಮನೆಗೆ ಬೀಳುತ್ತದೆ ಅಂತ ದುಡ್ಡು ಕಟ್ಟುವ ಜೂಜು. ಯುರೋಪ್ ಮಾದರಿಯ ಚಕ್ರದಲ್ಲಿ 37 ಮನೆ. 18 ಕೆಂಪು, 18 ಕಪ್ಪು, ಸೊನ್ನೆಯದು ಹಸಿರು. ಸುಮ್ನೆ ಕಾಗದದ ಮೇಲೆ ಆಡಿ ನೋಡಿ. ಎಲ್ಲ ಮನೆಗೂ ನೂರು ನೂರು ರೂಪಾಯಿ ಇಡಿ, ಒಟ್ಟು 3,700. ಚೆಂಡು ಎಲ್ಲಿ ಬಿದ್ದರೂ ಗೆದ್ದವರು ನೀವೇ. ಒಂದಕ್ಕೆ 35ರಂತೆ 3,500 ಕೊಡುತ್ತಾರೆ, ಗೆದ್ದ ಮನೆಯ ನೂರು ವಾಪಸ್. ಕೈಗೆ ಬಂದದ್ದು 3,600. ಗೆದ್ದೂ ನೂರು ಖೋತಾ! ಕಟ್ಟಿದ ದುಡ್ಡಿನಲ್ಲಿ ಕ್ಯಾಸಿನೊಗೆ ಉಳಿಯುವ ಪಾಲು ಇದೇ, ಸುಮಾರು ಶೇ. 2.7. ಅಮೆರಿಕದ ಚಕ್ರದಲ್ಲಿ ಸೊನ್ನೆ ಎರಡು, ಹಾಗಾಗಿ ಶೇ. 5.26. ಇದರಲ್ಲಿ ಮೋಸವೇ ಬೇಕಿಲ್ಲ, ಜನ ಆಡ್ತಾ ಇದ್ದರೆ ಸಾಕು. (ಮೈಸೂರಿನಲ್ಲಿ ಹತ್ತನೇ ಕ್ಲಾಸಿಗೆ ಈ ಲೆಕ್ಕ ಕೊಡುತ್ತಿದ್ದೆ. ಹೆಡ್‌ಮಾಸ್ಟರಿಗೆ ಹಿಡಿಸುತ್ತಿರಲಿಲ್ಲ.)

ಇನ್ನು ಕೆಂಪು-ಕಪ್ಪು. ಹಿಂದೆ ಏನು ಬಿತ್ತು ಅಂತ ಚೆಂಡಿಗೆ ಗೊತ್ತಿಲ್ಲ. 1913ರಲ್ಲಿ ಯುರೋಪಿನ ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ಸತತ 26 ಸಲ ಕಪ್ಪೇ ಬಂತು. ಇನ್ನೇನು ಕೆಂಪು ಅಂತ ಕಟ್ಟಿದವರು ಬರಿಗೈಯಾದರು.

ಡಬಲ್ ಮಾಡುವುದಾ? ನೂರರಿಂದ ಶುರು ಮಾಡಿ ಏಳು ಸಲ ಸೋತರೆ 12,700 ಹೋಯಿತು. ಎಂಟನೇ ಸಲಕ್ಕೆ 12,800 ಕಟ್ಟಬೇಕು. ಬಣ್ಣಕ್ಕೆ ಕಟ್ಟಿದರೆ ಕೊಡುವುದು ಒಂದಕ್ಕೆ ಒಂದೇ, ಹಾಗಾಗಿ ಗೆದ್ದರೂ ಒಟ್ಟು ಲಾಭ ಬರೀ ನೂರು. ಜೊತೆಗೆ, ಒಂದು ಸಲಕ್ಕೆ ಇಷ್ಟೇ ಕಟ್ಟಬಹುದು ಅಂತ ಮೇಜಿಗೊಂದು ಮಿತಿಯೂ ಇರುತ್ತದೆ. ಬಾಮೈದ ಅದನ್ನು ಹೇಳಿರಲಿಕ್ಕಿಲ್ಲ.