ಓಟ ಮುಗಿಸಿ ಮನೆಗೆ ಬಂದ ಗ್ರೇಹೌಂಡ್: ಓದುಗರ ಪತ್ರಗಳಿಗೆ ಉತ್ತರ

ಅಮೆರಿಕದ ನಾಯಿಓಟದ ಟ್ರ್ಯಾಕ್‌ಗಳಲ್ಲಿ ಬಹುಪಾಲು ಇದ್ದದ್ದು ಫ್ಲೋರಿಡಾದಲ್ಲಿ; 2018ರ ಜನಮತದ ತೀರ್ಪಿನಂತೆ 2020ರ ಕೊನೆಗೆ ಅಲ್ಲಿ ಓಟಗಳು ನಿಂತವು. ಓಟ ಇನ್ನೂ ನಡೆಯುತ್ತಿರುವ ದೇಶಗಳಲ್ಲೂ ಗ್ರೇಹೌಂಡ್‌ಗಳು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಟ್ರ್ಯಾಕ್ ಬಿಡುತ್ತವೆ. ಹತ್ತು ಹನ್ನೆರಡು ವರ್ಷ ಬಾಳುವ ಪ್ರಾಣಿಗೆ ಅಲ್ಲಿಂದಾಚೆಗಿನ ಬದುಕೇ ದೊಡ್ಡದು. ಆ ಬದುಕಿನ ಮೊದಲ ವಾರಗಳ ಬಗ್ಗೆ ಬಂದ ನಾಲ್ಕು ಪತ್ರಗಳನ್ನು ಈ ಬಾರಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ರೇಸಿನಿಂದ ನಿವೃತ್ತಿಯಾದ ನಾಲ್ಕು ವರ್ಷದ ಹೆಣ್ಣು ಗ್ರೇಹೌಂಡನ್ನು ದತ್ತು ತಂದು ಹತ್ತು ದಿನವಾಯಿತು. ಅದು ಆಡುವುದಿಲ್ಲ, ಕರೆದರೆ ತಿರುಗಿ ನೋಡುವುದಿಲ್ಲ. ಮೆಟ್ಟಿಲು ಕಂಡರೆ ನಡುಗುತ್ತದೆ, ವಾಕಿಂಗ್ ಹೊರಟರೆ ದಾರಿಯ ನಡುವೆ ಕಲ್ಲಿನಂತೆ ನಿಂತುಬಿಡುತ್ತದೆ. ಕೂರಲು ಕಲಿಸಿದರೂ ಕೂರುವುದಿಲ್ಲ. ನಮ್ಮ ಮನೆ ಅದಕ್ಕೆ ಹಿಡಿಸಿಲ್ಲವೇ?

ಉತ್ತರ: ನಿಮ್ಮ ನಾಯಿಗೆ ನಾಲ್ಕು ವರ್ಷವಾಗಿದ್ದರೂ ಮನೆಯೊಂದರ ಒಳಗನ್ನು ಅದು ನೋಡುತ್ತಿರುವುದು ಬಹುಶಃ ಇದೇ ಮೊದಲು. ಓಟದ ನಾಯಿಗಳನ್ನು ಸಾಕುವ ಕೆನಲ್‌ನಲ್ಲಿ ತನ್ನಂಥವೇ ನಾಯಿಗಳ ನಡುವೆ ಬೆಳೆದು, ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ಅಂಗಳ, ಓಟದ ದಿನ ಓಟ, ಮತ್ತೆ ಅದೇ ಗೂಡು ಎಂಬ ಕ್ರಮದಲ್ಲಿ ಬಾಳಿದ ಪ್ರಾಣಿಗೆ ಮೆಟ್ಟಿಲು, ಗಾಜಿನ ಬಾಗಿಲು, ಕನ್ನಡಿ, ಟಿವಿ, ಕಾಲು ಜಾರುವ ನುಣುಪು ನೆಲ ಇವೆಲ್ಲ ಒಟ್ಟಿಗೇ ಎದುರಾಗಿವೆ. ನಮ್ಮ ಮನೆಗೆ ಬಂದ ಗಂಡು ಗ್ರೇಹೌಂಡ್ ಮೊದಲ ಸಂಜೆ ಬೀರುವಿನ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿತ್ತು. ಮೂಗು ಒತ್ತಿ ನೋಡಿತು, ತನ್ನ ಉಸಿರಿನಿಂದ ಮಬ್ಬಾದ ಜಾಗವನ್ನು ನೆಕ್ಕಿತು, ಆಮೇಲೆ ಒಳಗಿರುವ ನಾಯಿ ಎಲ್ಲಿ ಎಂದು ಬೀರುವಿನ ಪಕ್ಕಕ್ಕೆ ಹೋಗಿ ಇಣುಕಿ ಬಂತು. ಅದನ್ನು ಕಂಡ ಮೇಲೆ ಅದರ ಅಂಜಿಕೆಯನ್ನು ನಾನು ಬೇರೆಯೇ ರೀತಿಯಲ್ಲಿ ನೋಡಲು ಕಲಿತೆ.

ಮೆಟ್ಟಿಲಿಗೆ ಇಬ್ಬರು ಬೇಕು. ಒಬ್ಬರು ಮುಂದೆ ಕುಳಿತು ಅದರ ಮುಂಗಾಲುಗಳನ್ನು ಒಂದೊಂದಾಗಿ ಮೇಲಿನ ಮೆಟ್ಟಿಲಿಗೆ ಎತ್ತಿ ಇಡಲಿ. ಇನ್ನೊಬ್ಬರು ಹಿಂದೆ ನಿಂತು ಹಿಂಗಾಲುಗಳನ್ನು ಹಾಗೆಯೇ ಇರಿಸುತ್ತಾ, ಹಿಂದಕ್ಕೆ ಬೀಳುವ ಭಯವಿಲ್ಲದಂತೆ ತೊಡೆಗೆ ಆಸರೆ ಕೊಡಲಿ. ಮೊದಲ ದಿನ ಎರಡೇ ಮೆಟ್ಟಿಲು ಸಾಕು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಅರ್ಧಕ್ಕೆ ಬಂದು ಒಮ್ಮೆಲೇ ಕೆಳಕ್ಕೆ ಹಾರುವ ಅಪಾಯವೂ ಉಂಟು. ಆದ್ದರಿಂದ ಇಳಿಯುವಾಗ ಕೊರಳಪಟ್ಟಿಯ ಮೇಲೆ ಕೈ ಇರಲೇಬೇಕು. ನುಣುಪಾದ ಮೆಟ್ಟಿಲಿಗೆ ಚಾಪೆಯ ತುಂಡುಗಳನ್ನು ಅಂಟಿಸಿದರೆ ಅರ್ಧ ಕೆಲಸ ಮುಗಿದಂತೆ.

ದಾರಿಯಲ್ಲಿ ಕಲ್ಲಾಗಿ ನಿಲ್ಲುವುದು ಹೊಸದಾಗಿ ಬಂದ ಗ್ರೇಹೌಂಡ್‌ಗಳಲ್ಲಿ ತೀರಾ ಸಾಮಾನ್ಯ. ಕಣ್ಣು ಕಿವಿಗೆ ಒಂದೇ ಸಲ ಬಂದು ಬಿದ್ದದ್ದನ್ನು ಅರಗಿಸಿಕೊಳ್ಳಲು ಅದಕ್ಕೆ ಸಮಯ ಬೇಕು. ಬಾರು ಹಿಡಿದು ಎಳೆದರೆ ಇನ್ನಷ್ಟು ಬಿಗಿಯುತ್ತದೆ. ಪಕ್ಕದಲ್ಲಿ ಸುಮ್ಮನೆ ನಿಂತು, ಅದು ತುಸು ಸಡಿಲವಾದ ಮೇಲೆ ಬಂದ ದಿಕ್ಕನ್ನು ಬದಲಿಸಿ ಒಂದು ಅರ್ಧ ಸುತ್ತು ಹಾಕಿಸಿ. ಕಾಲು ತಾನಾಗಿ ಬರುತ್ತದೆ. ಕೂರುವ ಪಾಠವನ್ನಂತೂ ಸದ್ಯಕ್ಕೆ ಬಿಟ್ಟುಬಿಡಿ. ತೊಡೆಯ ಸ್ನಾಯುಗಳು ಅಷ್ಟು ದಪ್ಪವಾಗಿ ಬೆಳೆದಿರುವ ಈ ತಳಿಗೆ ಕೂರುವ ಭಂಗಿ ಹಿತವಲ್ಲ. ಅವು ನಿಲ್ಲುತ್ತವೆ ಇಲ್ಲವೇ ಮಲಗುತ್ತವೆ. ಹೆಸರಿನ ವಿಷಯದಲ್ಲಿ ಒಂದು ಮಾತು: ಓಟದ ದಾಖಲೆಯಲ್ಲಿರುವ ಉದ್ದನೆಯ ಹೆಸರಿನಿಂದ ಇವನ್ನು ಯಾರೂ ಕರೆಯುವುದಿಲ್ಲ, ಕೆನಲ್‌ನಲ್ಲಿ ಬೇರೊಂದು ಚಿಕ್ಕ ಹೆಸರಿರುತ್ತದೆ. ದತ್ತು ಕೊಟ್ಟವರನ್ನು ಕೇಳಿ ಅದನ್ನು ತಿಳಿದುಕೊಂಡು ಒಮ್ಮೆ ಕೂಗಿ ನೋಡಿ, ಕಿವಿ ನಿಮಿರುವುದನ್ನು ನೀವೇ ಕಾಣುವಿರಿ.

ಪ್ರಶ್ನೆ: ಮಲಗಿದ್ದ ನಾಯಿಯನ್ನು ನಮ್ಮ ಆರು ವರ್ಷದ ಮಗಳು ಅಪ್ಪಿಕೊಳ್ಳಲು ಹೋದಾಗ ಅದು ಗುರ್ ಎಂದು ಹಲ್ಲು ತೋರಿಸಿತು. ಮರುಕ್ಷಣವೇ ತಲೆ ತಗ್ಗಿಸಿ ಬಾಲ ಅಲ್ಲಾಡಿಸಿತು. ಹಗಲೆಲ್ಲ ಇಷ್ಟು ಸಾಧುವಾಗಿರುವ ಪ್ರಾಣಿ ಹೀಗೇಕೆ? ಹಿಂದಿರುಗಿಸಬೇಕೆಂದು ಮನೆಯವರ ಒತ್ತಾಯ.

ಉತ್ತರ: ಮಗುವಿಗೆ ಏನೂ ಆಗಲಿಲ್ಲ ಎಂಬುದು ಮೊದಲ ಸಮಾಧಾನ. ನೀವು ಬರೆದ ಎರಡನೆಯ ವಾಕ್ಯದಲ್ಲೇ ಉತ್ತರವಿದೆ: ಪೂರ್ತಿ ಎಚ್ಚರವಾದೊಡನೆ ಅದು ತಲೆ ತಗ್ಗಿಸಿತು. ಕೆನಲ್‌ನಲ್ಲಿ ಪ್ರತಿ ನಾಯಿಗೂ ತನ್ನದೇ ಗೂಡು. ನಿದ್ದೆಯಲ್ಲಿದ್ದಾಗ ಮನುಷ್ಯರ ಕೈ ಮೈಮೇಲೆ ಬಿದ್ದ ಅನುಭವವೇ ಬಹಳಷ್ಟು ಗ್ರೇಹೌಂಡ್‌ಗಳಿಗೆ ಇರುವುದಿಲ್ಲ. ಅವುಗಳಲ್ಲಿ ಕೆಲವು ಕಣ್ಣು ತೆರೆದೇ ನಿದ್ದೆ ಹೋಗುವುದರಿಂದ ನೋಡಿದವರಿಗೆ ಎಚ್ಚರವಿದ್ದಂತೆ ತೋರುತ್ತದೆ. ನಿದ್ದೆಗಣ್ಣಿನಲ್ಲಿ ಬೆಚ್ಚಿ ಬಿದ್ದಾಗ ಬರುವ ಈ ಗುರುಗುಟ್ಟುವಿಕೆಗೂ ಸಿಟ್ಟಿಗೂ ಸಂಬಂಧವಿಲ್ಲ. ಆದರೆ ಹಲ್ಲು ತಾಗಿದರೆ ಗಾಯ ಗಾಯವೇ, ಆದ್ದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಎಂದೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ.

ಮನೆಯಲ್ಲಿ ಇಂದಿನಿಂದಲೇ ಒಂದು ನಿಯಮವಿರಲಿ: ಮಲಗಿದ ನಾಯಿಯ ಹತ್ತಿರ ಯಾರೂ ಹೋಗಬಾರದು, ದೂರದಿಂದ ಹೆಸರು ಹಿಡಿದು ಕರೆಯಬೇಕು, ಅದು ಎದ್ದು ತಾನಾಗಿ ಬಂದರೆ ಮಾತ್ರ ಮೈದಡವಬೇಕು. ಹಾಸಿಗೆಯನ್ನು ಓಡಾಟದ ದಾರಿಯಿಂದ ತೆಗೆದು, ಎರಡು ಬದಿಗೆ ಗೋಡೆಯಿರುವ ಮೂಲೆಯಲ್ಲಿಡಿ. ಅದು ದಪ್ಪವಾಗಿ ಮೆತ್ತಗೂ ಇರಲಿ. ಚರ್ಮ ತೆಳು, ಅದರಡಿಯಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ಹೀಗಾಗಿ ಗಟ್ಟಿ ನೆಲದ ಮೇಲೆ ಮಲಗಿದರೆ ಮೊಣಕೈ ಮತ್ತು ಸೊಂಟದ ಮೂಳೆಯ ಮೇಲೆ ಹುಣ್ಣಾಗುತ್ತದೆ, ನೋವಿರುವ ನಾಯಿ ಇನ್ನೂ ಬೇಗ ಬೆಚ್ಚುತ್ತದೆ. ಸೋಫಾ ಮತ್ತು ನಿಮ್ಮ ಮಂಚ ಕೆಲವು ತಿಂಗಳ ಮಟ್ಟಿಗೆ ಬೇಡ. ದೊಡ್ಡವರ ಕಣ್ಣಿಲ್ಲದ ಹೊತ್ತಿನಲ್ಲಿ ಮಗುವನ್ನೂ ನಾಯಿಯನ್ನೂ ಒಂದೇ ಕೋಣೆಯಲ್ಲಿ ಬಿಡಬೇಡಿ. ಎಚ್ಚರವಿರುವಾಗಲೂ ಗುರುಗುಟ್ಟಿದರೆ, ಅಥವಾ ತಟ್ಟೆಯ ಹತ್ತಿರ ಬಂದವರಿಗೆ ಹಲ್ಲು ತೋರಿಸಿದರೆ, ಅದು ಬೇರೆ ವಿಷಯ; ಆಗ ತಡಮಾಡದೆ ನಡವಳಿಕೆ ಬಲ್ಲ ಪಶುವೈದ್ಯರಿಗೆ ತೋರಿಸಿ. ಗುರ್ ಎಂದದ್ದಕ್ಕೆ ಮಾತ್ರ ಎಂದೂ ಹೊಡೆಯಬೇಡಿ, ಏಕೆಂದರೆ ಹಾಗೆ ಎಚ್ಚರಿಸುವುದನ್ನು ಬಿಟ್ಟ ನಾಯಿ ಮುಂದಿನ ಸಲ ನೇರವಾಗಿ ಕಚ್ಚುತ್ತದೆ.

ಪ್ರಶ್ನೆ: ಬಾರು ಬಿಚ್ಚಿ ಬಯಲಿನಲ್ಲಿ ಓಡಲು ಬಿಡಬಹುದೇ? ಓಡದಿದ್ದರೆ ಆರೋಗ್ಯ ಕೆಡುವುದಿಲ್ಲವೇ? ಮನೆಯಲ್ಲಿ ಬೆಕ್ಕು ಕೂಡ ಇದೆ.

ಉತ್ತರ: ಬೇಲಿಯಿಲ್ಲದ ಬಯಲಿನಲ್ಲಿ ಬಿಡಬೇಡಿ. ಗ್ರೇಹೌಂಡ್ ಗಂಟೆಗೆ 65 ಕಿಲೋಮೀಟರ್ ವೇಗ ಮುಟ್ಟಬಲ್ಲದು, ಎಂದರೆ ಸೆಕೆಂಡಿಗೆ 18 ಮೀಟರ್. ಎರಡು ಬಾರಿ ಹೆಸರು ಕೂಗುವಷ್ಟರಲ್ಲಿ ಅದು ರಸ್ತೆ ಸೇರಿರುತ್ತದೆ. ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ತಳಿಯಿದು, ಜೊತೆಗೆ ಹಳಿಯ ಮೇಲೆ ಓಡುವ ಕೃತಕ ಮೊಲದ ಹಿಂದೆ ಬೀಳುವುದನ್ನೇ ಬದುಕಿನುದ್ದಕ್ಕೂ ಕಲಿತಿದೆ. ದೂರದಲ್ಲಿ ಏನೋ ಸರಸರ ಓಡಿತೆಂದರೆ ನಿಮ್ಮ ದನಿ ಅದರ ಕಿವಿಗೆ ಹೋಗುವುದಿಲ್ಲ. ಮಾಮೂಲಿ ಕೊರಳಪಟ್ಟಿಯೂ ಸಾಲದು. ಇದರ ತಲೆ ಕೊರಳಿಗಿಂತ ಸಣ್ಣದು, ಹಿಂದಕ್ಕೆ ಒಂದು ಹೆಜ್ಜೆ ಜಗ್ಗಿದರೆ ಪಟ್ಟಿ ಕಳಚಿ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಎಳೆದಾಗ ಅಳತೆಗೆ ತಕ್ಕಷ್ಟು ಬಿಗಿಯುವ, ಅಗಲವಾದ ಮಾರ್ಟಿಂಗೇಲ್ ಪಟ್ಟಿಯನ್ನೇ ಕೊಳ್ಳಿ.

ಆರೋಗ್ಯದ ಚಿಂತೆ ಬೇಡ. ಓಟಗಾರನೆಂದರೆ ದಿನವಿಡೀ ಓಡಬೇಕಾದ ಪ್ರಾಣಿ ಎಂಬುದು ತಪ್ಪು ಕಲ್ಪನೆ. ಅರ್ಧ ನಿಮಿಷದ ಓಟಕ್ಕಾಗಿ ರೂಪುಗೊಂಡ ದೇಹವಿದು, ಉಳಿದ ಹೊತ್ತೆಲ್ಲ ಅದಕ್ಕೆ ನಿದ್ದೆ ಬೇಕು. ದಿನಕ್ಕೆ ಎರಡು ಬಾರಿ, ಇಪ್ಪತ್ತು ಮೂವತ್ತು ನಿಮಿಷದ ನಡಿಗೆ ಸಾಕು. ಚಳಿಯಲ್ಲಿ ಕೋಟು ತೊಡಿಸಿ, ಬಿಸಿಲೇರಿದ ಮೇಲೆ ಹೊರಗೆ ಕರೆದೊಯ್ಯಬೇಡಿ.

ಬೆಕ್ಕಿನ ಮಾತು ನಾಯಿಯಿಂದ ನಾಯಿಗೆ ಬೇರೆ. ಕೆಲವು ಮೊದಲ ದಿನವೇ ಬೆಕ್ಕಿಗೆ ಮುಖ ತಿರುಗಿಸುತ್ತವೆ, ಕೆಲವು ಎಂದೂ ನಂಬಿಕೆಗೆ ಅರ್ಹವಾಗುವುದಿಲ್ಲ. ಬಾಯಿಕುಕ್ಕೆ ಹಾಕಿ, ಬಾರು ಹಿಡಿದು ಪರಿಚಯಿಸಿ. ಬಾಯಿಕುಕ್ಕೆ ಕ್ರೂರವೆಂದು ಮರುಗಬೇಡಿ, ಓಟದಲ್ಲೂ ಅಂಗಳದಲ್ಲೂ ತೊಟ್ಟು ಅವಕ್ಕೆ ಅದು ರೂಢಿ. ಬೆಕ್ಕಿನ ಮೇಲೆ ನೋಟ ನೆಟ್ಟು, ಮೈ ಬಿಗಿದು, ಕೊಟ್ಟ ತಿಂಡಿಯನ್ನೂ ಮೂಸದೆ ನಿಂತರೆ ಅಲ್ಲಿಗೇ ನಿಲ್ಲಿಸಿ, ಇಬ್ಬರ ನಡುವೆ ಮುಚ್ಚಿದ ಬಾಗಿಲಿರಲಿ. ಮನೆಯೊಳಗೆ ಬೆಕ್ಕಿನ ಪಕ್ಕ ಮಲಗುವ ನಾಯಿಯೇ ಅಂಗಳದಲ್ಲಿ ಅದೇ ಬೆಕ್ಕು ಓಡಿದರೆ ಬೆನ್ನಟ್ಟಬಹುದು.

ಪ್ರಶ್ನೆ: ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕಡಿಮೆ, ಪ್ಲೇಟ್‌ಲೆಟ್ ಕಡಿಮೆ, ಕೆಂಪು ರಕ್ತಕಣ ಹೆಚ್ಚು ಎಂದು ಬಂದಿದೆ. ಜೀವನಪೂರ್ತಿ ಥೈರಾಯ್ಡ್ ಮಾತ್ರೆ ಕೊಡಬೇಕೆಂದಿದ್ದಾರೆ. ನಾಯಿ ಮಾತ್ರ ಚೆನ್ನಾಗಿಯೇ ಇದೆ.

ಉತ್ತರ: ಮಾತ್ರೆ ಶುರು ಮಾಡುವ ಮೊದಲು ಈ ತಳಿಯನ್ನು ನೋಡಿ ಅಭ್ಯಾಸವಿರುವ ಇನ್ನೊಬ್ಬ ಪಶುವೈದ್ಯರ ಅಭಿಪ್ರಾಯ ಪಡೆಯಿರಿ. ಪ್ರಯೋಗಾಲಯದ ವರದಿಯಲ್ಲಿ ಅಚ್ಚಾಗುವ ಮಿತಿಗಳು ಎಲ್ಲ ತಳಿಗಳಿಗೂ ಸೇರಿ ಹಾಕಿದವು. ಆರೋಗ್ಯವಂತ ಗ್ರೇಹೌಂಡ್‌ನ ಟಿ4 ಎಂಬ ಥೈರಾಯ್ಡ್ ಹಾರ್ಮೋನಿನ ಮಟ್ಟ ಅದಕ್ಕಿಂತ ಕೆಳಗೇ ಇರುವುದು ಸಾಮಾನ್ಯ. ಪ್ಲೇಟ್‌ಲೆಟ್‌ಗಳೂ ಕಡಿಮೆ, ರಕ್ತದಲ್ಲಿ ಕೆಂಪು ಕಣಗಳ ಪ್ರಮಾಣ ಶೇಕಡಾ 50ರಿಂದ 65ರಷ್ಟು, ಮೂತ್ರಪಿಂಡದ ಸ್ಥಿತಿ ತಿಳಿಯಲು ಅಳೆಯುವ ಕ್ರಿಯಾಟಿನಿನ್ ತುಸು ಹೆಚ್ಚು. ಮೈ ದಪ್ಪವಾಗುತ್ತಾ ಮಂಕಾಗಿದ್ದರೆ ಮಾತು ಬೇರೆ; ತೊಡೆಯ ಮೇಲೆ ಕೂದಲಿಲ್ಲವೆಂಬುದೊಂದೇ ಥೈರಾಯ್ಡ್‌ನ ಲಕ್ಷಣವಲ್ಲ, ಬಹಳ ಗ್ರೇಹೌಂಡ್‌ಗಳ ತೊಡೆ ಹಾಗೆಯೇ ಬೋಳು.

ಇದೇ ಸಂದರ್ಭದಲ್ಲಿ ಎರಡು ಎಚ್ಚರಿಕೆಗಳನ್ನು ಸೇರಿಸುತ್ತೇನೆ. ಥಯೋಪೆಂಟಾಲ್‌ನಂಥ ಅರಿವಳಿಕೆಯನ್ನು ಇವುಗಳ ಯಕೃತ್ತು ಬಹಳ ನಿಧಾನವಾಗಿ ಕರಗಿಸುತ್ತದೆ, ಶಸ್ತ್ರಚಿಕಿತ್ಸೆಯಾಗಿ ಒಂದೆರಡು ದಿನ ಕಳೆದ ಮೇಲೆ ಕೆಲವಕ್ಕೆ ರಕ್ತ ಒಸರಲು ತೊಡಗುತ್ತದೆ. ಹಲ್ಲು ಕೀಳಿಸುವ ಮುನ್ನವೂ ಇದನ್ನು ವೈದ್ಯರಿಗೆ ನೆನಪಿಸಿ. ಕುಂಟು ಕಂಡರೆ ಮೊದಲು ಅಂಗಾಲನ್ನು ತಿರುಗಿಸಿ ನೋಡಿ, ಬೆರಳಿನ ಮೆತ್ತೆಯಲ್ಲಿ ದುಂಡಗೆ ಗಟ್ಟಿಯಾದ ಆಣಿ ಇರಬಹುದು. ಆಣಿ ಇಲ್ಲದೆ ಕುಂಟು ವಾರ ಕಳೆದರೂ ಉಳಿದಿದ್ದರೆ, ಮೂಳೆಯ ಕ್ಯಾನ್ಸರ್ ಈ ತಳಿಯಲ್ಲಿ ಹೆಚ್ಚಾಗಿರುವುದರಿಂದ, ನೋವಿನ ಮಾತ್ರೆ ಕೊಟ್ಟು ಕಾಯದೆ ಎಕ್ಸ್‌ರೇ ತೆಗೆಸಿ.